ಯಾರ ನಾಳೆ?

ಈ ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಅಡಿಕೆಗೆ ಮದ್ದು ಬಿಡುವವರು ನಮ್ಮ ಅಂಗಳದಲ್ಲಿ ಬಂದು ನಿಂತಿದ್ದರು. ಪಂಪು, ಸುರುಳಿ ಸುತ್ತಿದ ಪೈಪು, ಜೊತೆಗೆ ಇಬ್ಬರು ಸಹಾಯಕ್ಕೆ. ನಮ್ಮ ಕಡೆಯಿಂದ ತಯಾರಿ ಏನು? ಮೈಲುತುತ್ತು ನೆನೆಹಾಕಿಲ್ಲ. ಡ್ರಮ್ಮಿಗೆ ನೀರು ತುಂಬಿಸಿಲ್ಲ. ಸುಣ್ಣದ ಚೀಲದ ಬಾಯಿ ಬಿಚ್ಚಿಲ್ಲ. ಇವರು ಏಳರ ಬಸ್ಸಿಗೇ ಕಾಸರಗೋಡಿಗೆ ಹೋಗಿಯಾಗಿತ್ತು. ಸ್ವಾಗತಕ್ಕೆ ನಾನೊಬ್ಬಳು, ಕೈಯಲ್ಲಿ ದೋಸೆ ಸಟ್ಟುಗ.

ಅಡಿಕೆ ತೋಟ ಇರುವವರಿಗೆ ಈ ಸಂಕಟ ಬಿಡಿಸಿ ಹೇಳುವುದು ಬೇಡ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವರು ಸಿಗುವುದೆಂದರೆ ಮದುವೆ ಸೀಸನ್ನಿನಲ್ಲಿ ಅಡುಗೆ ಭಟ್ರು ಸಿಕ್ಕಿದ ಹಾಗೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕೂಡಿಸಿದ ಮೇಲೆ ಅವತ್ತೇ ಬಿಟ್ಟು ಮುಗಿಸಬೇಕು. ಅದಕ್ಕೆ ಮಳೆಯೂ ನಿಂತಿರಬೇಕು. ಜನ, ಬಿಸಿಲು, ಮದ್ದು ಮೂರೂ ಒಂದೇ ದಿನ ಕೂಡಿ ಬರುವುದು ಅಂದರೆ ಜಾತಕ ಕೂಡಿ ಬಂದ ಹಾಗೆಯೇ.

"ನಾಳೆ ಅಲ್ವಾ ನೀವು ಬರುವುದು?" ಅಂದೆ.

"ಯಾನ್ ಕೋಡೆ ಪಂಡೆ ಅತ್ತಾ ಅಕ್ಕಾ, ಎಲ್ಲೆ ಬರ್ಪೆ ಪಂಡ್‌ದ್" ಅಂದರು ಅವರು ತುಳುವಿನಲ್ಲಿ. ನಾಳೆ ಬರ್ತೇನೆ ಅಂತ ನಿನ್ನೆಯೇ ಹೇಳಿದ್ದೇನಲ್ಲ ಅಂತ.

ನಾನು ಚಾವಡಿ ಕಡೆ ತಿರುಗಿದೆ. ಅಲ್ಲಿ ಅತ್ತೆ ಕೆಸುವಿನ ಎಲೆಯ ನಾರು ತೆಗೆಯುತ್ತಾ ಕೂತಿದ್ದರು. ಫೋನ್ ಬಂದದ್ದು ಸೋಮವಾರ ರಾತ್ರಿ. ತೆಗೆದದ್ದು ಅತ್ತೆ. ನನಗೆ ಹೇಳಿದ್ದು ಮಂಗಳವಾರ ಬೆಳಿಗ್ಗೆ ಆರಕ್ಕೆ, ಕಾಫಿ ಕುಡಿಯುತ್ತಾ: "ಮದ್ದು ಬಿಡುವವರು ಫೋನ್ ಮಾಡಿದ್ದರು. 'ಎಲ್ಲೆ ಬರ್ಪೆ' ಅಂದರು." ಸರಿ, ನಾಳೆ ತಾನೇ, ಸಂಜೆ ನೋಡಿಕೊಳ್ಳುವ ಅಂತ ನಾನು ದೋಸೆಗೆ ಹೋದೆ.

ಅತ್ತೆ ಹೇಳಿದ್ದರಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಇರಲಿಲ್ಲ. ತೊಂದರೆಯಾದದ್ದೇ ಅದರಿಂದ.

ಅಷ್ಟರಲ್ಲಿ ಶಾಲೆಗೆ ಹೊರಟಿದ್ದ ಮಗಳು ಬ್ಯಾಗ್ ಹೆಗಲಿಗೆ ಹಾಕುತ್ತಾ ತೀರ್ಪು ಕೊಟ್ಟಳು. "ಅಮ್ಮಾ, ರಿಪೋರ್ಟ್ ಮಾಡುವಾಗ ಟುಮಾರೋ ಹೋಗಿ ದ ನೆಕ್ಸ್ಟ್ ಡೇ ಆಗಬೇಕು. ಅಜ್ಜಿ ಚೇಂಜ್ ಮಾಡ್ಲಿಲ್ಲ."

ಅವಳು ಹತ್ತನೇ ಕ್ಲಾಸು. ನಮ್ಮಲ್ಲಿ ಕನ್ನಡ ಮೀಡಿಯಂ ಆದರೂ ಇಂಗ್ಲಿಷ್ ಪೇಪರು ಇಡೀ ಕೇರಳಕ್ಕೆ ಒಂದೇ. ಅದರಲ್ಲಿ ಇಬ್ಬರ ಸಂಭಾಷಣೆ ಕೊಟ್ಟು ರಿಪೋರ್ಟ್ ಮಾಡು ಅನ್ನುವ ಪ್ರಶ್ನೆ ಇರುತ್ತದೆ. ಹಾಗಾಗಿ ಒಂದು ವಾರದಿಂದ ಮನೆಯಲ್ಲಿ ಅದೇ ಜಪ. ವಿಲ್ ಇದ್ದದ್ದು ವುಡ್. ಕ್ಯಾನ್ ಇದ್ದದ್ದು ಕುಡ್. ದಿಸ್ ಹೋಗಿ ದಟ್, ನೌ ಹೋಗಿ ದೆನ್, ಹಿಯರ್ ಹೋಗಿ ದೇರ್. ಪ್ರಶ್ನೆ ಆದರೆ ಇಫ್ ಸೇರಿಸು. ಆಜ್ಞೆ ಆದರೆ ಟು ಸೇರಿಸು. 'ಅಲಾಸ್' ಅಂದರೆ ದುಃಖದಿಂದ ಉದ್ಗರಿಸಿದನು ಅಂತ ಬರೆ. ಈ ಅಲಾಸ್ ಅನ್ನುವುದನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದು ನಾನಂತೂ ಕೇಳಿಲ್ಲ. ನಾನು ಕಲಿಯುವಾಗ ಇದಕ್ಕೆ ಡೈರೆಕ್ಟ್ ಇನ್‌ಡೈರೆಕ್ಟ್ ಅಂತ ಹೆಸರಿತ್ತು. ಆಗಲೂ ಅಲಾಸ್ ಇತ್ತು. ನಮ್ಮ ಅತ್ತೆಯ 'ಅಯ್ಯೋ ದೇವರೇ' ಇಲಿ ಕಂಡಾಗಲೂ ಬರುತ್ತದೆ, ಮೊಮ್ಮಗಳಿಗೆ ಎ ಪ್ಲಸ್ ಬಂದಾಗಲೂ ಬರುತ್ತದೆ. ಅದನ್ನು ದುಃಖದಿಂದ ಅಂತ ಬರೆಯಬೇಕೋ ಸಂತೋಷದಿಂದ ಅಂತ ಬರೆಯಬೇಕೋ?

ಒಂದು ವಿನಾಯಿತಿಯೂ ಇದೆ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅನ್ನುವಂಥ ಸಾರ್ವಕಾಲಿಕ ಸತ್ಯ ಆದರೆ ಕಾಲ ಬದಲಿಸುವುದು ಬೇಡ. ಮದ್ದು ಬಿಡುವವರು ಹೇಳಿದ ದಿನ ಬರುವುದಿಲ್ಲ ಅನ್ನುವುದನ್ನೂ ನಾನು ಆ ಪಟ್ಟಿಗೇ ಸೇರಿಸಿದ್ದೆ. ಈ ಸಲ ಹೇಳಿದ ದಿನವೇ ಬಂದು ಕೈಕೊಟ್ಟರು.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಅವರಿಗೆ ಇನ್‌ಡೈರೆಕ್ಟ್ ಅನ್ನುವುದೇ ಆಗಿಬರುವುದಿಲ್ಲ. ಯಾರು ಏನು ಹೇಳಿದ್ದರೂ ಅವರದೇ ಮಾತು, ಅವರದೇ ಭಾಷೆ, ಅವರದೇ ಕೆಮ್ಮು. ರೇಷನ್ ಅಂಗಡಿಯವರು ಮಲಯಾಳದಲ್ಲೇ 'ಅರಿ ವನ್ನಿಟ್ಟಿಲ್ಲ' (ಅಕ್ಕಿ ಬಂದಿಲ್ಲ) ಅನ್ನಬೇಕು. ತೋಟಕ್ಕೆ ಬರುವವರು ತುಳುವಿನಲ್ಲೇ ಮಾತಾಡಬೇಕು. ಬ್ಯಾಂಕಿನವರು ಗಟ್ಟಿ ಕನ್ನಡದಲ್ಲಿ. ಅರ್ಧ ಗಂಟೆಯ ಫೋನನ್ನು ಮುಕ್ಕಾಲು ಗಂಟೆ ಹೇಳುತ್ತಾರೆ. (ನಮ್ಮ ಮನೆಮಾತು ಹವ್ಯಕ. ನಿಮಗೆ ತಿಳಿಯಲಿ ಅಂತ ನಾನು ಅತ್ತೆಯನ್ನು ಪುಸ್ತಕದ ಕನ್ನಡಕ್ಕೆ ಇಳಿಸಿದ್ದೇನೆ. ನಿಜವಾದ ಅತ್ತೆ ಇದಕ್ಕಿಂತ ಖಾರ.)

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ನೀರುದೋಸೆ ಹೊಯ್ಯುತ್ತಿದ್ದೆ. ಇವರು ಬಟ್ಟಲು ಮುಂದಿಟ್ಟುಕೊಂಡು ಮೊಬೈಲ್ ನೋಡುತ್ತಿದ್ದರು. ಅತ್ತೆ ಕಾಫಿ ಲೋಟ ಹಿಡಿದು ಕೂತರು. ಕೂತವರೇ ತಣ್ಣಗೆ ಹೇಳಿದರು.

"ನನಗೆ ಇನ್ನು ಈ ಮನೆಯಲ್ಲಿ ಇರಲಿಕ್ಕೆ ಸಾಧ್ಯ ಇಲ್ಲ."

ಹೊಯ್ಯುತ್ತಿದ್ದ ಹಿಟ್ಟು ಕೈಯಲ್ಲೇ ನಿಂತಿತು.

"ಒಂದು ಲೋಟ ಬಿಸಿನೀರು ಕೊಡಲಿಕ್ಕೆ ಸೊಸೆಗೆ ಪುರುಸೊತ್ತಿಲ್ಲ."

ನಿನ್ನೆ ಸಂಜೆ ಬಿಸಿನೀರು ಕೊಟ್ಟಿದ್ದೇನಾ? ಕೊಟ್ಟಿದ್ದೇನೆ. ನಾಲ್ಕು ಗಂಟೆಗೆ. ಬಿಸಿ ಇತ್ತಾ? ಇತ್ತು ಅಂತ ಕಾಣುತ್ತದೆ. ಮೊನ್ನೆ? ಮೊನ್ನೆ ನೆನಪಾಗುತ್ತಿಲ್ಲ. ಅತ್ತೆ ಕಾಫಿಗೆ ಬಾಯಿ ಹಾಕಿದರು. ಸುಟ್ಟಿತು. ಊದಿದರು. ಇನ್ನೊಮ್ಮೆ ಊದಿದರು.

"ಮಗನಿಗೆ ಹೇಳುವ ಅಂದರೆ ಅವನು ಮೊಬೈಲಿನಿಂದ ತಲೆ ಎತ್ತುವುದಿಲ್ಲ."

ಇವರು ತಲೆ ಎತ್ತಿದರು. ಮದುವೆಯಾಗಿ ಹದಿನೇಳು ವರ್ಷದಲ್ಲಿ ಅಷ್ಟು ಚುರುಕಾಗಿ ಎತ್ತಿದ್ದು ಅದೇ ಮೊದಲು.

"ನಾನು ನಾಳೆಯೇ ಮಗಳ ಮನೆಗೆ ಹೋಗ್ತೇನೆ."

ನನ್ನ ತಲೆಯೊಳಗೆ ಲೆಕ್ಕ ಓಡಿತು. ನಾದಿನಿ ಸಂಜೆಯೊಳಗೆ ಫೋನ್ ಮಾಡುತ್ತಾಳೆ. ಅವಳಿಗೆ ಏನು ಹೇಳಲಿ? ನನ್ನ ಅಮ್ಮನಿಗೆ ಅದಕ್ಕಿಂತ ಮೊದಲು ತಿಳಿಸಬೇಕಾ? ಕಾವಲಿಯಿಂದ ಸೀದ ವಾಸನೆ ಬರತೊಡಗಿತು. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಅಂತ ಹೇಳಿದಳು, ಪುತ್ತೂರಿನ ತಂಗಿ. ಪಾಪ. ಚಟ್ನಿ ಇದ್ದರೆ ಸ್ವಲ್ಪ ಹಾಕು."

ಇಂಗ್ಲಿಷಿನವರು ಈ ವಿಷಯದಲ್ಲಿ ಮರ್ಯಾದಸ್ಥರು. 'ಶೀ ಸೆಡ್' ಅಂತ ಮೊದಲೇ ಬೋರ್ಡು ಹಾಕಿ ಆಮೇಲೆ ಮಾತು ಶುರು ಮಾಡುತ್ತಾರೆ. ನಮ್ಮ 'ಅಂತ' ಬರುವುದು ರೈಲಿನ ಗಾರ್ಡಿನ ಡಬ್ಬಿಯ ಹಾಗೆ, ಕಟ್ಟಕಡೆಗೆ. ಯಾವ ಗಾಡಿ ಅಂತ ಗೊತ್ತಾಗುವಾಗ ಅದು ಕುಂಬಳೆ ದಾಟಿರುತ್ತದೆ. ಕನ್ನಡದಲ್ಲಿ 'ತಾನು' ಅಂತ ಒಂದು ಒಳ್ಳೆಯ ಶಬ್ದವೂ ಇದೆ. ತಾನು ಮಗಳ ಮನೆಗೆ ಹೋಗುತ್ತೇನೆ ಅಂದಳು ಅಂತ ಶುರು ಮಾಡಿದ್ದರೆ ಒಂದು ದೋಸೆ ಉಳಿಯುತ್ತಿತ್ತು. ಆದರೆ ಮಾತಾಡುವಾಗ 'ತಾನು' ಯಾರಿಗೆ ಬೇಕು? ಅದು ಸಭೆಗೆ ಉಡುವ ಪಟ್ಟೆಸೀರೆ.

ಮಗಳನ್ನೂ ಪೂರ್ತಿ ನಂಬುವ ಹಾಗಿಲ್ಲ. ಅವಳು ಹಿಂದಿನ ಟೆಸ್ಟಿನಲ್ಲಿ 'ಹೀ ವಿಲ್ ಕಮ್ ಟುಮಾರೋ ಇಟ್ ಸೀಮ್ಸ್' ಅಂತ ಬರೆದು ಬಂದಿದ್ದಳು. ಟೀಚರು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು. ನನಗೆ ಮಾತ್ರ ಅದರಲ್ಲಿ ತಪ್ಪು ಕಾಣಲಿಲ್ಲ. ನಾವೆಲ್ಲ ಮಾತಾಡುವ ಇಂಗ್ಲಿಷ್ ಅದೇ ಅಲ್ವಾ? ಇಂಗ್ಲಿಷಿನವರಿಗೆ ಸ್ವಂತಕ್ಕೆ ಹಾಗೆ ಕಂಡರೆ ಇಟ್ ಸೀಮ್ಸ್. ನಮಗೆ ಬೇರೆಯವರು ಹೇಳಿದ್ದಾದರೆ ಇಟ್ ಸೀಮ್ಸ್. ಅದು ನಮ್ಮ 'ಅಂತೆ'. ಪ್ಯಾಂಟು ಹಾಕಿಕೊಂಡು ಬಂದಿದೆ, ಅಷ್ಟೇ.

ಈ 'ಅಂತೆ'ಯಂಥ ಅನುಕೂಲ ಇನ್ನೊಂದಿಲ್ಲ. ಕನ್ನಡದಲ್ಲಿ ಬರ್ತಾರಂತೆ. ಹವ್ಯಕದಲ್ಲಿ ಬತ್ತವಡ. ತುಳುವಿನಲ್ಲಿ ಬರ್ಪೆರ್‌ಗೆ. ಒಂದು ಬಾಲ ಅಂಟಿಸಿದರೆ ಮುಗಿಯಿತು. ಹೇಳಿದ್ದು ಯಾರು ಅಂತ ಹೇಳುವುದು ಬೇಡ, ಕಾಲ ತಿರುಗಿಸುವುದು ಬೇಡ, ನಾಳೆ ಬಾರದಿದ್ದರೆ ನಮ್ಮ ತಲೆಗೆ ಬರುವುದೂ ಇಲ್ಲ. ಅರ್ಧ ಊರಿನ ಸುದ್ದಿ ಓಡಾಡುವುದು ಈ ಬಾಲ ಹಿಡಿದುಕೊಂಡೇ.

ಬುಧವಾರ ರಾತ್ರಿ ಮಗಳು ಮತ್ತೆ ಪಟ್ಟಿ ಬಾಯಿಪಾಠ ಮಾಡುತ್ತಿದ್ದಳು. ಹೊರಗೆ ಮಳೆ ಸುರಿಯುತ್ತಿತ್ತು. ಮಂಗಳವಾರ ಮದ್ದು ಬಿಡುವವರು ಅರ್ಧ ಗಂಟೆ ಕಾದು ಬೇರೆ ತೋಟಕ್ಕೆ ಹೋಗಿದ್ದರು. ಆ ಮಧ್ಯಾಹ್ನ ಹಿಡಿದ ಮಳೆ ಬಿಟ್ಟಿರಲಿಲ್ಲ. ಒಂದೊಂದು ಹನಿಯೂ ನನಗೆ ಕೊಳೆರೋಗ ಬಂದು ಉದುರುವ ಅಡಿಕೆಯ ಹಾಗೆ ಕೇಳಿಸುತ್ತಿತ್ತು. 'ಹಿಯರ್ ದೇರ್, ಹಿಯರ್ ದೇರ್' ಅಂತ ಮಗಳು.

"ಹಾಗೆಂದರೆ ಎಂತ?" ಅಂತ ಅತ್ತೆ ಕೇಳಿದರು.

"ಇಲ್ಲಿ ಅಂತ ಹೇಳಿದ್ದು ಅಲ್ಲಿ ಆಗ್ತದೆ ಅಜ್ಜಿ."

"ಅವನು ಇದ್ದಲ್ಲೇ ಇದ್ದರೂ?"

"ಇದ್ದಲ್ಲೇ ಇದ್ದರೂ."

ಅತ್ತೆ ಏನೂ ಹೇಳಲಿಲ್ಲ. ಅವರು ಹುಟ್ಟುವಾಗ ಇದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಕೇರಳ ಆಯಿತು. ಮನೆ, ಬಾವಿ, ತೋಟ ಯಾವುದೂ ಒಂದು ಗೇಣು ಅತ್ತಿತ್ತ ಸರಿದಿಲ್ಲ. ಬೆಂಗಳೂರಿಗೆ ಮದುವೆಗೆ ಹೋದರೆ ಈಗಲೂ ಯಾರಾದರೂ ಪ್ರೀತಿಯಿಂದಲೇ ಕೇಳುತ್ತಾರೆ: "ನಿಮ್ಮ ಕನ್ನಡ ಚೆನ್ನಾಗಿದೆ. ಅಲ್ಲಿ ಶಾಲೆಯಲ್ಲಿ ಕನ್ನಡ ಇದೆಯಾ?" ಇಲ್ಲಿ ಇದೆ ಅಂತ ನಾವು ಹೇಳುತ್ತೇವೆ. ಅಲ್ಲಿ ಇದೆಯಂತೆ ಅಂತ ಅವರು ಪಕ್ಕದವರಿಗೆ ಹೇಳುತ್ತಾರೆ.

ಇವತ್ತು ಶನಿವಾರ. ಬೆಳಿಗ್ಗೆಯಿಂದ ಸ್ವಲ್ಪ ಬಿಸಿಲು. ಮಧ್ಯಾಹ್ನ ನಾನು ಬಟ್ಟೆ ಒಣಗಿಸಿ ಒಳಗೆ ಬರುವಾಗ ಅತ್ತೆ ಫೋನ್ ಕೆಳಗಿಡುತ್ತಿದ್ದರು.

"ಮದ್ದಿನವರು. 'ಎಲ್ಲೆ ಬರ್ಪೆ ಅಕ್ಕಾ' ಅಂದರು."

ಮಗಳು ಪುಸ್ತಕ ಮಡಚಿ ಎದ್ದು ಬಂದಳು. "ಅಜ್ಜಿ, ಯಾವಾಗ ಹೇಳಿದ್ದು?"

"ಈಗ."

"ಈಗ ಅಂದರೆ ಈಗವಾ, ದೆನ್ನಾ?"

"ನಿನ್ನ ದೆನ್ನು ಅಲ್ಲಿರಲಿ. ಅವರ ನಾಳೆ. ನನ್ನದೂ ನಾಳೆ. ಕ್ಯಾಲೆಂಡರಿನಲ್ಲಿ ಆದಿತ್ಯವಾರ. ಸಾಕಾ?" ಅಂದರು ಅತ್ತೆ, ಒಳ್ಳೆಯ ಸಿಟ್ಟಿನಲ್ಲಿ.

ಸಂಜೆ ಮೈಲುತುತ್ತನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಡ್ರಮ್ಮಿನ ನೀರಿಗೆ ಇಳಿಬಿಟ್ಟೆ. ನೀರು ನಿಧಾನಕ್ಕೆ ನೀಲಿಯಾಗುತ್ತಿದೆ. ಸುಣ್ಣದ ಚೀಲಕ್ಕೆ ಮಾತ್ರ ಇನ್ನೂ ಕೈ ಹಾಕಿಲ್ಲ. ಅಂಗಳದಲ್ಲಿ ಪಂಪು ಕಂಡ ಮೇಲೆಯೇ ಅದು.

ಇವರು ಬಂದವರೇ ಡ್ರಮ್ಮಿಗೆ ಬಗ್ಗಿ ನೋಡಿ ಕೇಳಿದರು, "ನಾಳೆ ಖಂಡಿತ ಬರ್ತಾರಾ?"

"ಬತ್ತವಡ" ಅಂದೆ.