ಕೈ ಇಳಿಬಿಟ್ಟು ನಿಂತ ಬಾಕ್ಸರ್

1964ರ ಟೋಕಿಯೊ ಒಲಿಂಪಿಕ್ಸ್ ಬಾಕ್ಸಿಂಗ್ ಅಂದರೆ ಜಾಸ್ತಿ ಜನ ಜೋ ಫ್ರೇಜಿಯರ್ ಹೆಸರು ಹೇಳುತ್ತಾರೆ. ಹೆವಿವೇಟ್ ಚಿನ್ನ ಅವರದೇ. ಆದರೆ ಆ ಕೂಟದಲ್ಲಿ ಚೆಂದದ ಆಟಕ್ಕೆ ಕೊಡುವ ವಾಲ್ ಬಾರ್ಕರ್ ಟ್ರೋಫಿ ಹೋಗಿದ್ದು 75 ಕೆಜಿ ವಿಭಾಗದ ವಲೇರಿ ಪೊಪೆಂಚೆಂಕೊಗೆ. ಬೇರೆ ಯಾವ ಸೋವಿಯತ್ ಬಾಕ್ಸರ್‌ಗೂ ಅದು ಸಿಗಲಿಲ್ಲ.

ಅವರ ಹಳೆಯ ಕಪ್ಪುಬಿಳುಪು ವಿಡಿಯೊ ನೋಡಿದರೆ ಮೊದಲು ಭಯವಾಗುತ್ತದೆ. ಕೈ ಮೇಲಿಡು, ಗದ್ದ ಮುಚ್ಚಿಕೋ ಅಂತ ತಾನೇ ಯಾವ ಕೋಚ್ ಆದರೂ ಮೊದಲ ದಿನ ಹೇಳುವುದು? ಇವರು ಕೈ ಇಳಿಬಿಟ್ಟು, ಮುಖ ಬಿಟ್ಟುಕೊಟ್ಟು ನಿಲ್ಲುತ್ತಾರೆ. ಎದುರಿನವನು ಆಸೆಪಟ್ಟು ಕೈ ಬೀಸುತ್ತಾನೆ. ಅಷ್ಟರಲ್ಲಿ ತಲೆ ಹಿಂದೆ ಸರಿದಿರುತ್ತದೆ, ಕೆಳಗಿದ್ದ ಮುಷ್ಟಿ ಎದ್ದು ಬಂದಿರುತ್ತದೆ.

ಈ ಆಟ ಒಡ್ಡೊಡ್ಡು ಅಂತ ಅಲ್ಲಿನ ಪಂಡಿತರೇ ಮೂಗು ಮುರಿದಿದ್ದರು. 1959ರಲ್ಲೇ ಪೊಪೆಂಚೆಂಕೊ ದೇಶದ ಚಾಂಪಿಯನ್ ಆಗಿದ್ದರೂ 1960ರಲ್ಲಿ ರೋಮ್ ಒಲಿಂಪಿಕ್ಸ್‌ಗೆ ಹೋಗಿದ್ದು ಫಿಯೊಫಾನೊವ್ ಎಂಬ ಇನ್ನೊಬ್ಬ ಬಾಕ್ಸರ್. ಲೆನಿನ್‌ಗ್ರಾಡ್‌ನ ಕೋಚ್ ಗ್ರಿಗೊರಿ ಕುಸಿಕ್ಯಾಂಟ್ಸ್ ಮಾತ್ರ ಶಿಷ್ಯನ ಕೈ ಹಿಡಿದರು. ಹುಡುಗನನ್ನು ತಿದ್ದುತ್ತೇನೆ ಅಂತ ಅವನ ಆಟವನ್ನೇ ಕೊಲ್ಲುವ ಗುರುಗಳು ಎಷ್ಟು ಜನ ಇಲ್ಲ ಹೇಳಿ! ಆ ಟ್ರೋಫಿಯಲ್ಲಿ ಅರ್ಧ ಪಾಲು ಕುಸಿಕ್ಯಾಂಟ್ಸ್ ಅವರದು ಅಂತಲೇ ನಾನು ನಂಬಿದ್ದೇನೆ. ಟೋಕಿಯೊ ಫೈನಲ್‌ನಲ್ಲಿ ಜರ್ಮನಿಯ ಎಮಿಲ್ ಶುಲ್ಜ್ ಮೊದಲ ರೌಂಡ್ ಕೂಡ ದಾಟಲಿಲ್ಲ.

ಪೊಪೆಂಚೆಂಕೊ ಹುಟ್ಟಿದ್ದು 1937ರಲ್ಲಿ. ಪೈಲಟ್ ಆಗಿದ್ದ ತಂದೆ ಯುದ್ಧದಲ್ಲಿ ತೀರಿಹೋದರು. 1949ರಲ್ಲಿ ತಾಯಿ ತಾಷ್ಕೆಂಟ್‌ನ ಸುವೊರೊವ್ ಸೈನಿಕ ಶಾಲೆಗೆ ಸೇರಿಸಿದರು. ಹೌದು, ನಮ್ಮ ಶಾಸ್ತ್ರೀಜಿ ಕಣ್ಣುಮುಚ್ಚಿದ ತಾಷ್ಕೆಂಟೇ. ಗ್ಲೌಸ್ ಹಾಕಲು ಕಲಿತಿದ್ದು ಅಲ್ಲಿ.

ಸೋವಿಯತ್ ದೇಶದಲ್ಲಿ ಪ್ರೊಫೆಷನಲ್ ಬಾಕ್ಸಿಂಗ್ ಇರಲಿಲ್ಲ. ಹಾಗಾಗಿ ಅವರಿಗೆ ಬೆಲ್ಟೂ ಇಲ್ಲ, ಕೋಟಿಗಳೂ ಇಲ್ಲ. 213 ಪಂದ್ಯ, 200 ಗೆಲುವು. ಎರಡು ಸಲ ಯುರೋಪ್ ಚಾಂಪಿಯನ್, ಆರು ಸಲ ದೇಶದ ಚಾಂಪಿಯನ್. 1965ರಲ್ಲಿ ಬರ್ಲಿನ್‌ನಲ್ಲಿ ಗೆದ್ದು, 28ನೇ ವಯಸ್ಸಿಗೆ ರಿಂಗ್ ಬಿಟ್ಟರು. ಮೂರು ವರ್ಷಕ್ಕೆ ತಾಂತ್ರಿಕ ವಿಜ್ಞಾನದಲ್ಲಿ ಸಂಶೋಧನಾ ಪದವಿ ಪಡೆದರು. ಆಮೇಲೆ ಮಾಸ್ಕೋದ ಬೌಮನ್ ತಾಂತ್ರಿಕ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥರಾದರು. ಏಟು ತಿಂದು ತಿಂದು ತಲೆ ಕೆಡುವವರೆಗೂ ಆಡಿದವರನ್ನೇ ವೀರರು ಅನ್ನುತ್ತೇವೆ. ನನಗೆ ಹೀಗೆ ಎದ್ದು ಹೋದವರ ಮೇಲೆ ಹೆಚ್ಚು ಗೌರವ.

1975ರ ಫೆಬ್ರವರಿ 15. ಅದೇ ಕಾಲೇಜಿನ ಮೆಟ್ಟಿಲ ಮೇಲಿಂದ ಬಿದ್ದು ಹೋಗಿಬಿಟ್ಟರು. ಆಗ ಅವರಿಗೆ 37 ವರ್ಷ.