ಥರ್ಮಾಕೋಲು, ಎಲ್‌ಇಡಿ, ಉದ್ದಿನಬೇಳೆ

ವಿಜ್ಞಾನ ಪ್ರದರ್ಶನದ ಸುದ್ದಿ ಮನೆಗೆ ಬರುವುದು ಯಾವಾಗಲೂ ರಾತ್ರಿಯೇ. ಅದೂ ಬೀದಿ ಕೊನೆಯ ಸ್ಟೇಷನರಿ ಅಂಗಡಿಯವರು ಶಟರ್ ಅರ್ಧ ಎಳೆದ ಮೇಲೆ. ಶಾಲೆಯಲ್ಲಿ ಮಿಸ್ಸು ಎಂದೋ ಡೈರಿಯಲ್ಲಿ ಬರೆಸಿರುತ್ತಾರೆ. ಮಕ್ಕಳ ಮಟ್ಟಿಗೆ ಡೈರಿ ಇರುವುದು ಬರೆಯುವುದಕ್ಕೆ, ತೆಗೆದು ಓದುವುದಕ್ಕಲ್ಲ. ಹಾಗಾಗಿ ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಸರಿಯಾಗಿ, ಸಾರು ಬಡಿಸುತ್ತಿರುವಾಗ, "ಅಪ್ಪಾ, ನಾಳೆ ಮಾಡೆಲ್ ತಗೊಂಡು ಹೋಗ್ಬೇಕಂತೆ" ಎಂಬ ಮಾತು ಬೀಳುತ್ತದೆ.

ಫೆಬ್ರುವರಿ 28 ಹತ್ತಿರ ಬಂತೆಂದರೆ ಈ ಮಾತು ಎಷ್ಟೋ ಮನೆಗಳಲ್ಲಿ ಒಟ್ಟಿಗೇ ಬೀಳುತ್ತದೆ. 1928ರ ಆ ದಿನ ಸಿ. ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡರು. ಅದರ ನೆನಪಿಗೆ 1987ರಿಂದ ರಾಷ್ಟ್ರೀಯ ವಿಜ್ಞಾನ ದಿನ ನಡೆಯುತ್ತಿದೆ. ಬೆಳಕು ಹೇಗೆ ಚದುರುತ್ತದೆ ಎಂದು ತೋರಿಸಿಕೊಟ್ಟವರ ಗೌರವಾರ್ಥ ನಾವು ಥರ್ಮಾಕೋಲಿನ ಬಿಳಿ ಗುಂಡುಗಳನ್ನು ಹಾಲಿನಿಂದ ದೇವರಮನೆಯವರೆಗೆ ಚದುರಿಸುತ್ತೇವೆ.

ಆ ರಾತ್ರಿಯ ಕೆಲಸದ ಹಂಚಿಕೆ ಬಹುಪಾಲು ಮನೆಗಳಲ್ಲಿ ಒಂದೇ ತರಹ. ಅಕ್ಷರ ದುಂಡಗಿರುವ ಅಮ್ಮ ಚಾರ್ಟಿನ ಮೇಲೆ ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ, ತೀರ್ಮಾನ ಬರೆಯುವುದು. ತೀರ್ಮಾನವನ್ನೂ ಪ್ರಯೋಗಕ್ಕೆ ಮೊದಲೇ ಬರೆದು, ಸುತ್ತ ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಹಾಕಿ ಮುಗಿಸುವುದು. ಅಪ್ಪನದು ವೈರಿಂಗು. ವಿದ್ಯಾರ್ಥಿಯ ಪಾಲಿಗೆ "ಮುಟ್ಬೇಡ, ಗಮ್ ಒಣಗಿಲ್ಲ" ಎಂಬ ಮಾರ್ಗದರ್ಶನ. ಹತ್ತು ಗಂಟೆಗೆ ವಿದ್ಯಾರ್ಥಿ ಸೋಫಾದ ಮೇಲೆ ನಿದ್ದೆ ಹೋಗುತ್ತಾನೆ. ಆಮೇಲೆ ನಿಜವಾದ ಪೈಪೋಟಿ ಶುರು, ಅಂದರೆ ಎದುರುಮನೆಯ ಅಪ್ಪನ ಜೊತೆ.

ಥರ್ಮಾಕೋಲಿಗೆ ಸ್ಪ್ರೇ ಪೇಂಟ್ ಹೊಡೆದವರಿಗೆ ಗೊತ್ತು, ಹಸಿರು ಬೆಟ್ಟವಾಗಬೇಕಾದದ್ದು ಕಣ್ಣೆದುರಿಗೇ ಕುಗ್ಗಿ ಹಳ್ಳ ಬೀಳುತ್ತದೆ. ಪೇಂಟಿನ ದ್ರಾವಕ ಪಾಲಿಸ್ಟೈರೀನನ್ನು ಕರಗಿಸಿಬಿಡುತ್ತದೆ, ಒಳಗಿನ ಗಾಳಿ ಹೊರಟುಹೋಗುತ್ತದೆ, ಉಳಿಯುವುದು ಅಂಟಂಟು ಪೊರೆ. ನನ್ನ ಕೇಳಿದರೆ ಆ ರಾತ್ರಿ ಮನೆಯಲ್ಲಿ ನಡೆದ ಒಳ್ಳೆಯ ಪ್ರಯೋಗ ಅದೇ. ಆದರೆ ಅದನ್ನು ಮೇಜಿನ ಮೇಲಿಡಲು ಯಾರೂ ಒಪ್ಪುವುದಿಲ್ಲ. ಬೈದುಕೊಂಡು ಇನ್ನೊಂದು ಹಾಳೆ ತರಲು ಓಡುತ್ತಾರೆ.

ನಮ್ಮ ಪ್ರದರ್ಶನಗಳ ಕುಲದೇವರು ಜ್ವಾಲಾಮುಖಿ. ಅಡುಗೆ ಸೋಡಾ, ವಿನೆಗರ್, ಒಂದು ಚಮಚ ಕೆಂಪು ಬಣ್ಣ; ಬುಸ್ಸೆಂದು ನೊರೆ. ಉಕ್ಕುವುದೇನೋ ಚೆನ್ನಾಗಿಯೇ ಉಕ್ಕುತ್ತದೆ. ಸೋಜಿಗವೆಂದರೆ ಈ ಜ್ವಾಲಾಮುಖಿಗೆ ಯಾವಾಗಲೂ ಮೊನಚು ತುದಿಯ ಜಪಾನಿ ಬೆಟ್ಟವೇ ಬೇಕು. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಭಾಗ ಲಾವಾದ ಮೇಲೆಯೇ ಕೂತಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲ ಅಲ್ಲಲ್ಲಿ ಬಿರಿದು, ಬಿರುಕುಗಳಿಂದ ಕಲ್ಲಿನ ರಸ ಹರಿದು, ಪದರದ ಮೇಲೆ ಪದರವಾಗಿ ಹರಡಿ ತಣ್ಣಗಾಯಿತು. ಆ ಕಪ್ಪು ಕಲ್ಲು ಸವೆದದ್ದೇ ವಿಜಯಪುರ, ಕಲಬುರಗಿಯ ಎರೆಮಣ್ಣು. ಅದರ ಮೇಲೆ ಬಿಳಿಜೋಳ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಲಾವಾ ಆರಿ ಕಂಬಕಂಬವಾಗಿ ಸೀಳಿದ್ದು ಕಾಲಡಿಗೇ ಸಿಗುತ್ತದೆ. ಇದರ ಮಾಡೆಲ್ ಮಾಡುವುದು ಬಹಳ ಸುಲಭ: ಒಂದು ಜೋಳದ ರೊಟ್ಟಿ, ಒಂದು ಹಿಡಿ ಎರೆಮಣ್ಣು. ಆದರೆ ಅದು ಬುಸ್ಸೆನ್ನುವುದಿಲ್ಲವಲ್ಲ!

ಬುಸ್ಸೆನ್ನಬೇಕು, ಇಲ್ಲವೇ ಮಿನುಗಬೇಕು. ನಿಂಬೆಹಣ್ಣಿನ ಬ್ಯಾಟರಿಯ ಕಷ್ಟವೂ ಇದೇ. ತಾಮ್ರದ ತಂತಿಯನ್ನೂ ಸತು ಲೇಪದ ಮೊಳೆಯನ್ನೂ ಚುಚ್ಚಿದರೆ ಒಂದು ಹಣ್ಣಿನಿಂದ ಒಂದು ವೋಲ್ಟಿಗೂ ಸ್ವಲ್ಪ ಕಮ್ಮಿ. ಕೆಂಪು ಎಲ್‌ಇಡಿಗೆ ಹತ್ತಿರ ಹತ್ತಿರ ಎರಡು ವೋಲ್ಟ್ ಬೇಕು. ಮೂರು ನಾಲ್ಕು ಹಣ್ಣು ಸಾಲಾಗಿ ಜೋಡಿಸಿದರೂ ಬೆಳಕು ಬಂದಿದೆಯೋ ಇಲ್ಲವೋ ಎಂದು ಕೈ ಮರೆಮಾಡಿ ಇಣುಕಬೇಕು. ಇಲ್ಲಿ ಕೆಲವು ಅಪ್ಪಂದಿರು ಥರ್ಮಾಕೋಲಿನ ಅಡಿಗೆ ಸದ್ದಿಲ್ಲದೆ ಎರಡು ಪೆನ್ಸಿಲ್ ಸೆಲ್ ತೂರಿಸುತ್ತಾರೆ. ಮರುದಿನ ಬೆಳಿಗ್ಗೆ ನಿಂಬೆಹಣ್ಣು ಟ್ಯೂಬ್‌ಲೈಟಿಗೆ ಸವಾಲು ಹಾಕುತ್ತದೆ. ಇಷ್ಟೂ ತಾಪತ್ರಯ ಬೇಡವೆನ್ನುವ ಬೆಂಗಳೂರಿಗರಿಗೆ ಎಸ್‌.ಪಿ. ರಸ್ತೆ ಇದ್ದೇ ಇದೆ. ಮೋಟಾರು, ಫ್ಯಾನು, ಸೋಲಾರ್ ಚೂರು ಎಲ್ಲ ಅಲ್ಲಿ ಸಿಗುತ್ತವೆ. 2023ರ ಆಗಸ್ಟ್ 23ರಂದು ವಿಕ್ರಮ್ ಚಂದ್ರನ ಮೇಲೆ ಇಳಿದಾಗಿನಿಂದ ಬೆಂಕಿಪೊಟ್ಟಣಕ್ಕೆ ಚಾಕೊಲೇಟಿನ ಹೊಳೆಯುವ ಹಾಳೆ ಸುತ್ತಿದ ಲ್ಯಾಂಡರುಗಳೂ ಮೇಜು ಮೇಜಿಗೆ ಇಳಿಯುತ್ತಿವೆ.

ನಮ್ಮ ಮನೆಯಲ್ಲಿ ಈ ಸಲ ಇಂಥದ್ದೇನೂ ನಡೆಯಲಿಲ್ಲ, ಅಂಗಡಿ ಮುಚ್ಚಿತ್ತು. ಮಗಳು ಮುಖ ಸಣ್ಣ ಮಾಡಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು. ನನ್ನಮ್ಮ ಇಡ್ಲಿ ಹಿಟ್ಟಿನ ಪಾತ್ರೆಗೆ ಮೊಣಕೈವರೆಗೆ ಕೈ ಹಾಕಿ ಕಲಸುತ್ತಿದ್ದಳು.

"ಸೌಟಲ್ಲಿ ಕಲಸಬಾರದಾ ಅಜ್ಜಿ?"

"ಕೈ ಬಿಸಿ ತಾಗಿದ್ರೇನೇ ಕಣೇ ಪುಟ್ಟಿ ಹಿಟ್ಟು ಉಬ್ಬೋದು."

"ಯಾಕೆ?"

ಯಾಕೆ ಎನ್ನುವುದಕ್ಕೆ ಅಮ್ಮನ ಹತ್ತಿರ ಉತ್ತರವಿರಲಿಲ್ಲ, ಅನುಭವವಿತ್ತು. ಷೋಕೇಸಿನಿಂದ ನೆಂಟರಿಗೆಂದು ಇಟ್ಟಿದ್ದ ಮೂರು ಗಾಜಿನ ಲೋಟ ಇಳಿದವು. ಮಗಳು ಅಜ್ಜಿ ಇನ್ನೂ ಕೈ ಹಾಕದ ಇನ್ನೊಂದು ಪಾತ್ರೆಯಿಂದ ಹಿಟ್ಟು ತೆಗೆದಳು. ಒಂದನ್ನು ಅಜ್ಜಿ ಕೈಯಲ್ಲಿ ಕಲಸಿದರು, ಎರಡನ್ನು ಮಗಳು ಸೌಟಿನಲ್ಲಿ. ಸೌಟಿನದರಲ್ಲಿ ಒಂದು ಫ್ರಿಜ್ಜಿಗೆ ಹೋಯಿತು. ಹಿಟ್ಟು ಎಲ್ಲಿಯವರೆಗಿತ್ತೋ ಅಲ್ಲಿಗೆ ರಬ್ಬರ್ ಬ್ಯಾಂಡ್. ರಾತ್ರಿ ಹೇಳಿದರೂ ಬೆಳಗಾಗುವಷ್ಟರಲ್ಲಿ ಫಲಿತಾಂಶ ಕೊಡುವ ಪ್ರಯೋಗ ಇನ್ನೆಲ್ಲಿದೆ? ನಾವೆಲ್ಲ ಹೊತ್ತಿಗೆ ಸರಿಯಾಗಿ ಮಲಗಿದೆವು. ಕೆಲಸವನ್ನು ಬ್ಯಾಕ್ಟೀರಿಯಾಗಳು ನೋಡಿಕೊಂಡವು.

ಬೆಳಿಗ್ಗೆ ಫ್ರಿಜ್ಜಿನ ಹಿಟ್ಟು ಇದ್ದಲ್ಲೇ ಇತ್ತು. ಉಳಿದೆರಡೂ ರಬ್ಬರ್ ಬ್ಯಾಂಡ್ ದಾಟಿ, ಸರಿಸಮ ಮೇಲೆ ಬಂದಿದ್ದವು. ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ಮುಖ್ಯವಾಗಿ ಉದ್ದಿನಬೇಳೆಯ ಜೊತೆಯಲ್ಲೇ ಬಂದಿರುತ್ತವೆ. ಬೆಚ್ಚಗಿದ್ದರೆ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಜ್ವಾಲಾಮುಖಿಯಲ್ಲಿ ಬುಸ್ಸೆನ್ನುವ ಗಾಳಿಯೂ ಅದೇ. ಇಲ್ಲಿ ನಿಧಾನ, ಅಷ್ಟೇ. ಇದನ್ನೆಲ್ಲ ನಾನು ಗತ್ತಿನಿಂದ ವಿವರಿಸಿ ಮುಗಿಸಿದಾಗ ಅಮ್ಮ ಸೌಟಿನ ಕಡೆ ಕೈ ತೋರಿಸಿದಳು.

"ಅದನ್ನ ತೊಳೆದಿಟ್ಟವಳು ನಾನೇ ಅಲ್ವಾ? ನನ್ನ ಕೈ ಅದಕ್ಕೂ ತಾಗಿದೆ."

ನನಗೆ ಮರುಮಾತು ಹೊರಡಲಿಲ್ಲ. ಯಾವ ತೀರ್ಪುಗಾರರೂ ಇಷ್ಟು ಸೂಕ್ಷ್ಮವಾದ ಆಕ್ಷೇಪಣೆ ಎತ್ತುತ್ತಿರಲಿಲ್ಲ.

ಶಾಲೆಯಲ್ಲಿ ಸುತ್ತಲಿನ ಮಕ್ಕಳು "ಗುಡ್ ಮಾರ್ನಿಂಗ್ ಸರ್, ಮೈ ಪ್ರಾಜೆಕ್ಟ್ ಈಸ್..." ಎಂದು ಬಾಯಿಪಾಠ ಒಪ್ಪಿಸುತ್ತಿದ್ದರು. ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಪಾಪ, ಮತ್ತೆ ಗುಡ್ ಮಾರ್ನಿಂಗಿನಿಂದಲೇ ಶುರು ಮಾಡಬೇಕು. ನಮ್ಮ ಮೇಜಿಗೆ ಬಂದ ತೀರ್ಪುಗಾರರು ಮಾಡೆಲ್ ಎಲ್ಲಿ ಎಂದು ಹುಡುಕಿದರು. ಆ ಹೊತ್ತಿಗೆ ಹಿಟ್ಟು ಲೋಟದ ಅಂಚು ದಾಟಿ ಮೇಜಿನ ಬಟ್ಟೆಗೆ ಇಳಿಯುತ್ತಿತ್ತು.

"ಹಾಗಾದ್ರೆ ನಿಮ್ಮಜ್ಜಿ ಹೇಳಿದ್ದು ಸುಳ್ಳಾಯ್ತಲ್ಲಮ್ಮ?"

"ಅಜ್ಜಿ ಇನ್ನೂ ಒಪ್ಕೊಂಡಿಲ್ಲ ಸಾರ್. ಸೌಟು ಕುದಿಸಿ ಮತ್ತೆ ನೋಡ್ಬೇಕು."

ಮೊದಲ ಬಹುಮಾನ ಲೈಟು ಮಿನುಗುವ ಚಂದ್ರಯಾನಕ್ಕೆ ಹೋಯಿತು. ಅದರ ಅಪ್ಪನನ್ನು ನಾನು ಬಲ್ಲೆ, ಕೈಗೆಲಸ ನಿಜಕ್ಕೂ ಅಚ್ಚುಕಟ್ಟು. ಪ್ರದರ್ಶನ ಮುಗಿಯಿತೆಂಬ ವಿಷಯ ಮಾತ್ರ ನಮ್ಮ ಅಜ್ಜಿ ಮೊಮ್ಮಗಳಿಗೆ ತಲುಪಿದಂತೆ ಕಾಣಲಿಲ್ಲ. ಆ ವಾರವಿಡೀ ಸೌಟು ಕುದಿಯಿತು, ಲೋಟಗಳು ಸಾಲುಗಟ್ಟಿದವು, ಉಪ್ಪು ಮೊದಲೋ ಆಮೇಲೋ ಎಂಬ ಹೊಸ ತಕರಾರು ಹುಟ್ಟಿಕೊಂಡಿತು. ನಮಗೆ ಬೆಳಿಗ್ಗೆಯೂ ಪಡ್ಡು, ರಾತ್ರಿಯೂ ಪಡ್ಡು.