ಗಣಪನ ಬಕೆಟ್‌ನಲ್ಲಿ ಗಪ್ಪಿ

ಗೌರಿ ಹಬ್ಬದ ಬೆಳಗ್ಗೆ ತುಮಕೂರಿನ ನಮ್ಮ ಮನೆ ಹಾಲ್‌ನಲ್ಲಿ 'ಟಕ್' ಅಂತ ಒಂದು ಸದ್ದಾಯಿತು. ಅಷ್ಟೇ. ಲಟಿಕೆ ಮುರಿದಷ್ಟು ಸಣ್ಣ ಸದ್ದು.

ಗಣಪನನ್ನು ಕೂರಿಸುವ ಮೂಲೆಯಲ್ಲಿ ನಮ್ಮ ಫಿಶ್ ಟ್ಯಾಂಕ್ ಇತ್ತು. ಒಂದೂವರೆ ಅಡಿ ಉದ್ದ, ಒಂಬತ್ತು ಇಂಚು ಅಗಲ, ಒಂದಡಿ ಎತ್ತರ. ನೋಡೋಕೆ ಪುಟ್ಟದು. ಆದರೆ ತುಂಬಿಸಿದರೆ 30 ಲೀಟರ್ ಹಿಡಿಯುತ್ತೆ. ಅಂದರೆ 30 ಕೆಜಿ, ಒಂದು ತುಂಬಿದ ಗ್ಯಾಸ್ ಸಿಲಿಂಡರಿನಷ್ಟು ಭಾರ. ಈ ಲೆಕ್ಕವೆಲ್ಲ ಆಮೇಲೆ ಹೊಳೆದಿದ್ದು. ಆಗ ನಾನು ಅರ್ಧ ನೀರಿನ ಸಮೇತ ಅದನ್ನು ಎತ್ತಿ, ಕಿಟಕಿ ಕೆಳಗಿನ ಕಡಪ ಕಲ್ಲಿನ ಮೇಲೆ ಇಟ್ಟುಬಿಟ್ಟೆ. ಕಲ್ಲಿನ ಮೇಲೆ ಅಕ್ಕಿಯಲ್ಲಿ ಸಿಗುವಂಥ ಒಂದು ಹರಳಿತ್ತು. ಅಷ್ಟೂ ಭಾರ ಆ ಹರಳಿನ ನೆತ್ತಿ ಮೇಲೆ ಕೂತಿತು. ಹರಳಿಗೆ ಏನೂ ಆಗಲಿಲ್ಲ. ತಳದ ಗಾಜಿನಲ್ಲಿ ಕೂದಲೆಳೆಯಂಥ ಬಿರುಕು ಬಿತ್ತು. ಟ್ಯಾಂಕ್ ಅಡಿಗೆ ಹಾಸಬೇಕಿದ್ದ ಥರ್ಮೋಕೋಲ್ ಹಳೇ ಜಾಗದಲ್ಲೇ ಮಲಗಿತ್ತು.

ಏಳು ಗಪ್ಪಿ ಮೀನುಗಳನ್ನು ಕೈಗೆ ಸಿಕ್ಕ ಕೆಂಪು ಬಕೆಟ್‌ಗೆ ಬಿಟ್ಟೆ. ಅಡುಗೆಮನೆಯಿಂದ ಅಮ್ಮ ಕೂಗಿದರು. "ಲೋ, ಅದು ಗಣಪನ್ನ ಬಿಡೋ ಬಕೆಟ್ ಕಣೋ!"

ನಮ್ಮಲ್ಲಿ ಗಣಪನನ್ನು ಮೂರನೇ ದಿನ ಬಿಡುವುದು, ಮನೆಯಲ್ಲೇ, ಆ ಬಕೆಟ್‌ನಲ್ಲೇ. ಮನೆಯಲ್ಲಿರೋ ಮಿಕ್ಕ ಬಕೆಟ್‌ಗಳಲ್ಲಿ ಗಣಪನ ಇಲಿ ಮುಳುಗೀತು, ಗಣಪ ಮುಳುಗೊಲ್ಲ. "ಅಷ್ಟರೊಳಗೆ ಸರಿ ಮಾಡ್ತೀನಿ ಬಿಡಮ್ಮ" ಅಂದೆ. ಹೊಸ ಟ್ಯಾಂಕ್‌ಗೆ ಅಂಗಡಿಯವನು 1100 ರೂಪಾಯಿ ಹೇಳಿದ್ದ. ಹಬ್ಬದ ಹೂವು, ಹಣ್ಣು, ಬಾಳೆಕಂದು ತಂದ ಮೇಲೆ ನನ್ನ ಜೇಬಿನಲ್ಲಿ ಉಳಿದಿದ್ದು ಸುಮಾರು 300.

ಮೊದಲು ಮನೆಯಲ್ಲಿದ್ದ, ಪೈಪ್‌ಗೆ ಮೆತ್ತುವ ಎರಡು ಬಣ್ಣದ ಅಂಟನ್ನು ಚಪಾತಿ ಹಿಟ್ಟಿನ ಹಾಗೆ ನಾದಿ, ಹೊರಗಡೆಯಿಂದ ಮೆತ್ತಿದೆ. ಗಾಜು ಒದ್ದೆ ಇತ್ತು, ನನಗೆ ಅವಸರ ಇತ್ತು. ನೀರು ಹಾಕಿದ ಹತ್ತೇ ನಿಮಿಷಕ್ಕೆ ಅಂಟು ದೋಸೆ ಹಂಚಿನಿಂದ ಎದ್ದ ಹಾಗೆ ಎದ್ದು ಬಂತು.

ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜಿನ ತುಂಡು ಕೇಳಲು ಹೋದಾಗ ಆ ಅಜ್ಜ ನನ್ನ ಕಥೆ ಪೂರ್ತಿ ಕೇಳಿದರು. "ಹೊರಗಡೆ ಅಂಟಿಸಿದ್ರೆ ನೀರು ಅದನ್ನ ಆಚೆ ತಳ್ಳತ್ತೆ ಸ್ವಾಮಿ. ಒಳಗಡೆ ಅಂಟಿಸಿ, ನೀರೇ ಒತ್ತಿ ಹಿಡ್ಕೊಳ್ಳತ್ತೆ" ಅಂದರು. ಎಂಜಿನಿಯರಿಂಗ್ ಓದಿದವನು ನಾನು. ಬಿರುಕಿಗಿಂತ ಎಲ್ಲಾ ಕಡೆ ಎರಡೆರಡು ಇಂಚು ಜಾಸ್ತಿ ಬರುವ ಹಾಗೆ ಗಾಜು ಕತ್ತರಿಸಿ ಕೊಟ್ಟರು. 60 ರೂಪಾಯಿ. ಗಾಜು ಅಂಟಿಸುವ ಸಿಲಿಕಾನ್ ಟ್ಯೂಬ್‌ಗೆ 180. ಬಾತ್‌ರೂಮಿಗೆ ಹಾಕುವ, ಬೂಸ್ಟು ಹಿಡಿಯದ ಸಿಲಿಕಾನ್ ತರಬಾರದು, ಅದರಲ್ಲಿರೋ ಔಷಧಿ ಮೀನಿಗೆ ವಿಷ. ಇದು ಮಾತ್ರ ನನಗೆ ಮೊದಲೇ ಗೊತ್ತಿತ್ತು.

ಟ್ಯೂಬ್ ಒತ್ತಲು ಗನ್ ಬೇಕಲ್ಲ. ಪಕ್ಕದ ಮನೆಯವರು ಅಲ್ಯೂಮಿನಿಯಂ ಕಿಟಕಿ ಕೂರಿಸುವವರು. ಗೇಟಿನಲ್ಲಿ ನಿಂತು, "ಸಾರ್, ನಿಮ್ಮ ಗನ್ ಒಂದು ದಿನಕ್ಕೆ ಕೊಡ್ತೀರಾ? ಇವತ್ತೇ ಮುಗಿಸಿಬಿಡಬೇಕು" ಅಂದೆ. ಜಗಲಿಯಲ್ಲಿದ್ದ ಅವರ ಅತ್ತೆ ಬಾಗಿನದ ಮೊರ ಕೆಳಗಿಟ್ಟು ಸೀದಾ ಒಳಗೆ ಹೋದರು.

ಇವತ್ತೇ ಏನೂ ಮುಗಿಯಲಿಲ್ಲ. ಮೆತ್ತಿದ್ದ ಅಂಟನ್ನು ಶೇವಿಂಗ್ ಬ್ಲೇಡಿನಲ್ಲಿ ಹೆರೆದು, ಗಾಜು ತೊಳೆದು ಒಣಗಿಸುವಷ್ಟರಲ್ಲಿ ರಾತ್ರಿಯಾಯಿತು. ಚೌತಿಯ ಮಧ್ಯಾಹ್ನ, ಕಡುಬು ತಿಂದ ಮೇಲೆ, ಗಾಜನ್ನು ಸ್ಪಿರಿಟ್‌ನಲ್ಲಿ ಒರೆಸಿ ಸಿಲಿಕಾನ್ ಎಳೆದೆ. ತುಂಡನ್ನು ಒತ್ತಿ ಕೂರಿಸಿ, ಸೋಪಿನ ನೀರಲ್ಲಿ ಅದ್ದಿದ ಬೆರಳಿನಿಂದ ಅಂಚು ಸವರಿದೆ. ಚೆನ್ನಾಗಿ ಬಂತು ಅಂತ ಬೀಗುವಷ್ಟರಲ್ಲಿ ವಾಸನೆ ಶುರುವಾಯಿತು. ಈ ಸಿಲಿಕಾನ್ ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತೆ. ಆಗುವಾಗ ವಿನೆಗರ್‌ನಲ್ಲಿರುವ ಆಮ್ಲವನ್ನೇ ಬಿಡುತ್ತೆ. ಧೂಪ, ಕರ್ಪೂರ, ಗರಿಕೆ, ಅದರ ಮೇಲೆ ವಿನೆಗರ್. ಮನೆಮನೆಗೆ ಹೋಗಿ ಗಣಪ ನೋಡುವ ಹುಡುಗರ ಗುಂಪು ಬಂತು. ಒಬ್ಬ ಅಕ್ಷತೆ ಹಾಕಿ ಗಾಳಿ ಮೂಸಿದ. "ಆಂಟಿ, ನಿಮ್ಮನೇಲಿ ಪ್ರಸಾದ ಗೋಬಿ ಮಂಚೂರಿನಾ?"

ನನ್ನ ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯೋಕಾಗಲ್ಲ.

ಸಿಲಿಕಾನ್‌ಗೆ 48 ಗಂಟೆ ಕೊಡಬೇಕು. ಲೆಕ್ಕ ಸರಿಯಾಗಿ ಮೂರನೇ ದಿನ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅವತ್ತು ಬೆಳಗ್ಗೆ ಮಗಳು ಬಕೆಟ್ ಪಕ್ಕದಿಂದ ಕಿರುಚಿದಳು. ಗಪ್ಪಿ ಮೊಟ್ಟೆ ಇಡುವ ಮೀನಲ್ಲ, ನೇರವಾಗಿ ಮರಿಯನ್ನೇ ಹಾಕುತ್ತೆ. ಕೆಂಪು ಬಕೆಟ್‌ನಲ್ಲಿ ಕಣ್ಣು ಮಾತ್ರ ಕಾಣುವ ಹದಿನೆಂಟು ಮರಿಗಳು. ಹುಟ್ಟಿದ ಮರಿಗಳನ್ನು ಎತ್ತಿ, ಸೋರುತ್ತೋ ಇಲ್ಲವೋ ಗೊತ್ತಿಲ್ಲದ ಟ್ಯಾಂಕ್‌ಗೆ ಹಾಕೋದು ಹೇಗೆ? ಮೊದಲು ಬರೀ ನೀರು ತುಂಬಿ ಒಂದು ದಿನ ಪರೀಕ್ಷೆ ಮಾಡಬೇಕು. ಸಂಜೆ ಆರೂವರೆಗೆ ಮಂಗಳಾರತಿ.

"ರೀ, ನೀರು ತುಂಬಿ ಸುಮ್ನೆ ಇಡೋದೇ ತಾನೇ?" ಅಂದಳು ಹೆಂಡತಿ. "ಗಣಪನ್ನ ಅದರಲ್ಲೇ ಬಿಡೋಣ."

"ಮೀನಿದ್ದ ಡಬ್ಬದಲ್ಲಾ?" ಅಮ್ಮ ಹೌಹಾರಿದರು.

"ಅಮಾನಿಕೆರೆಯಲ್ಲಿ ಮೀನಿಲ್ವಾ ಅತ್ತೆ?"

ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, ಟ್ಯಾಂಕಿಗೆ ನಾಲ್ಕೂ ಕಡೆ ಅರಿಶಿನ ಕುಂಕುಮ ಇಟ್ಟರು.

ಅಡಿಗೆ ಥರ್ಮೋಕೋಲ್, ಅದರ ಸುತ್ತ ನ್ಯೂಸ್‌ಪೇಪರ್. ಸೋರಿದರೆ ಮೊದಲು ಅದೇ ಹೇಳಬೇಕು. ಬಣ್ಣ ಹಚ್ಚದ ಮಣ್ಣಿನ ಗಣಪನನ್ನು ಮೂರು ಸಲ ಎತ್ತಿ ಇಳಿಸಿ, ಒಳಗೆ ಬಿಟ್ಟೆ. ಬಕೆಟ್‌ನಲ್ಲಾದರೆ ಮುಳುಗಿದ ಮೇಲೆ ಏನೂ ಕಾಣದು. ಇಲ್ಲಿ ಎಲ್ಲ ಕಾಣುತ್ತಿತ್ತು. ಒಣ ಮಣ್ಣಿನಿಂದ ಗುಳ್ಳೆಗಳು ಸಾಲಾಗಿ ಎದ್ದವು. ಕಿವಿಯ ಅಂಚು ಮೊದಲು ಮೆತ್ತಗಾಯಿತು. ಸೊಂಡಿಲು ಬಾಗಿ, ಮಡಿಲಲ್ಲಿದ್ದ ಮೋದಕದ ಮೇಲೆ ನಿಧಾನಕ್ಕೆ ಒರಗಿತು. ಗನ್ ವಾಪಸ್ ಕೇಳಲು ಬಂದ ಪಕ್ಕದ ಮನೆಯವರೂ, ಅವರ ಹಿಂದೆ ಅವರ ಅತ್ತೆಯೂ ನಿಂತು ನೋಡಿದರು. ಯಾರೂ ಮಾತಾಡಲಿಲ್ಲ. ನಾನು ಮಾತ್ರ ಕೈಮುಗಿದುಕೊಂಡೇ ಮಂಡಿಯೂರಿ ಪೇಪರ್ ಮುಟ್ಟಿ ನೋಡಿದೆ. ಒಣಗಿಯೇ ಇತ್ತು.

"ಎಂಥ ಭಕ್ತಿ ನೋಡು" ಅಂದರು ಆ ಅತ್ತೆ.